ಮಲೆನಾಡಿನ ಮನೆಗೆ ಅಂಗವಿಕಲ ಮಾಸಾಶನ: ಯಾವ ಕಾಗದ ಮೊದಲು, ಯಾವ ಕಚೇರಿ ಆಮೇಲೆ

ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಕೊನೆಗಾರ (ಅಡಿಕೆ ಗೊನೆ ಇಳಿಸುವವ), ಹುಟ್ಟಿನಿಂದ ಕಿವಿ ಕೇಳದ ಹುಡುಗಿ, ಲಕ್ವ ಹೊಡೆದು ಒಂದು ಕೈ ಏಳದ ಅಜ್ಜ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಎಲ್ಲಿಗೆ ಹೋದರೂ ಇಂಥವರಿರುವ ಮನೆಗಳಿವೆ. ಕೆಲವರಿಗೆ ಮಾಸಾಶನ ಬರುತ್ತಿದೆ. ಕೆಲವರಿಗೆ ಬರುತ್ತಿದ್ದದ್ದು ನಿಂತಿದೆ. ಇನ್ನು ಕೆಲವರು ‘ಅರ್ಜಿ ಕೊಟ್ಟಾಗಿದೆ’ ಅನ್ನುತ್ತಾರೆ. ಎಲ್ಲಿ ಕೊಟ್ಟದ್ದು, ಯಾವಾಗ ಕೊಟ್ಟದ್ದು ಎಂದರೆ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ನಾನು ಕಂಡ ಮಟ್ಟಿಗೆ ಅರ್ಹತೆಯೇ ಇಲ್ಲದೆ ಹಣ ತಪ್ಪಿಹೋದವರು ಕಡಿಮೆ. ಆಮೇಲೆ ಆಗಬೇಕಾದ ಕಾಗದ ಮೊದಲು ಆಗಿ, ಮೊದಲು ಆಗಬೇಕಾದದ್ದು ಉಳಿದುಹೋಗಿ ತಪ್ಪಿಸಿಕೊಂಡವರೇ ಹೆಚ್ಚು.

ಪೇಟೆಯಲ್ಲಿರುವವರಿಗೆ ಕಚೇರಿಗೆ ಇನ್ನೊಮ್ಮೆ ಹೋಗಿಬರುವುದು ಅರ್ಧ ದಿನದ ಮಾತು. ಆಗುಂಬೆ ಹೋಬಳಿಯಿಂದಲೋ ತುಮರಿ ಕಡೆಯಿಂದಲೋ ನಡೆಯಲಾಗದವರನ್ನು ಶಿವಮೊಗ್ಗಕ್ಕೆ ಕರೆದೊಯ್ಯಬೇಕೆಂದರೆ ಬಾಡಿಗೆ ಕಾರು, ಎತ್ತಿ ಕೂರಿಸಲು ಜತೆಗಿಬ್ಬರು, ಅವರೆಲ್ಲರ ಆ ದಿನದ ಕೂಲಿ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿದೆ, ನಿಜ. ಆದರೆ ದಾರಿಯ ಖರ್ಚು ತಪ್ಪಿಲ್ಲ. ಹಾಗಾಗಿ ಈ ಬರಹದಲ್ಲಿ ಯೋಜನೆಗಳ ಪಟ್ಟಿಗಿಂತ ಕೆಲಸದ ಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಒಂದೇ ಓಡಾಟದಲ್ಲಿ ಆಗುವುದು ಒಂದೇ ಓಡಾಟದಲ್ಲಿ ಮುಗಿಯಬೇಕು.

ಎಷ್ಟು ಬರುತ್ತದೆ

ಮಾಸಾಶನ ಕೊಡುವುದು ಕಂದಾಯ ಇಲಾಖೆ, ಅದರಡಿಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯದ ಮೂಲಕ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಬೇರೆ. ಅದು ಸಾಧನ ಸಲಕರಣೆ, ಸಾಲ, ಸ್ಕೂಟರ್, ವಿದ್ಯಾರ್ಥಿವೇತನ ನೋಡಿಕೊಳ್ಳುತ್ತದೆ. ಈ ಎರಡು ಬಾಗಿಲು ಬೇರೆಬೇರೆ ಎಂದು ತಿಳಿದಿದ್ದರೆ ಅರ್ಧ ಅಲೆದಾಟ ಕಡಿಮೆಯಾಗುತ್ತದೆ.

ಅಂಗವಿಕಲತೆ ಶೇಕಡ 40ರಿಂದ 75ರೊಳಗೆ ಇದ್ದರೆ ತಿಂಗಳಿಗೆ 800 ರೂಪಾಯಿ. 2021ರಲ್ಲಿ ಇದನ್ನು 600ರಿಂದ ಏರಿಸಿದರು. ಶೇಕಡ 75 ದಾಟಿದರೆ 1,400 ರೂಪಾಯಿ. ಬುದ್ಧಿಮಾಂದ್ಯತೆ ಶೇಕಡ 75 ದಾಟಿದ್ದರೆ 2,000. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿಯೊಳಗೆ ಇರಬೇಕು. ಮಕ್ಕಳಿಗೂ ಇದು ಸಿಗುತ್ತದೆ, 18 ತುಂಬುವವರೆಗೆ ಕಾಯಬೇಕಿಲ್ಲ. ಸರ್ಕಾರದ ಬೇರೊಂದು ಸಾಮಾಜಿಕ ಭದ್ರತಾ ಮಾಸಾಶನ ಪಡೆಯುತ್ತಿರುವವರಿಗೆ ಇದು ಸಿಗುವುದಿಲ್ಲ. ವಿಧವಾ ವೇತನವೋ ಅಂಗವಿಕಲ ಮಾಸಾಶನವೋ ಒಂದನ್ನು ಆರಿಸಿಕೊಳ್ಳಬೇಕು. ಗೃಹಲಕ್ಷ್ಮಿ ಹಣ ಮಾಸಾಶನವಲ್ಲ. ಅದು ಬರುತ್ತಿದೆ ಎಂಬ ಕಾರಣಕ್ಕೆ ಅರ್ಜಿ ಹಾಕದೆ ಕೂರಬೇಡಿ.

800 ರೂಪಾಯಿ ಈ ಕಾಲಕ್ಕೆ ಏನೇನೂ ಸಾಲದು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಹಾಸಿಗೆ ಹಿಡಿದವರಿಗೆ ಡಯಾಪರ್, ಮೂತ್ರದ ನಳಿಕೆ, ಹುಣ್ಣಿನ ಮುಲಾಮು ಇವಕ್ಕೆ ತಿಂಗಳು ತಿಂಗಳು ಮಗನ ಮುಂದೋ ಸೊಸೆಯ ಮುಂದೋ ಕೈಚಾಚುವುದನ್ನು ಆ ಹಣ ಸ್ವಲ್ಪವಾದರೂ ತಪ್ಪಿಸುತ್ತದೆ. ಅದಕ್ಕೇ ಬಿಡಬಾರದು ಅನ್ನುವುದು.

ಮೊಟ್ಟಮೊದಲು: ಎಲ್ಲ ಕಾಗದದಲ್ಲಿ ಒಂದೇ ಹೆಸರು

ಆಸ್ಪತ್ರೆಗೂ ಹೋಗುವ ಮೊದಲು ಮನೆಯಲ್ಲೇ ಕೂತು ಮಾಡುವ ಕೆಲಸ ಇದು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಮತದಾರರ ಚೀಟಿ ಇಷ್ಟನ್ನೂ ಸಾಲಾಗಿ ಇಟ್ಟು ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನ, ವಿಳಾಸ ಓದಿ ನೋಡಿ. ಆಧಾರ್‌ನಲ್ಲಿ ‘ಗಂಗಮ್ಮ’, ರೇಷನ್ ಕಾರ್ಡಿನಲ್ಲಿ ‘ಗಂಗೆ’, ಪಾಸ್‌ಪುಸ್ತಕದಲ್ಲಿ ‘ಗಂಗಾ ಬಿ.’ ಎಂದಿದ್ದರೆ ಊರಿಗೆಲ್ಲ ಗೊತ್ತು ಮೂವರೂ ಒಬ್ಬರೇ ಎಂದು. ಕಂಪ್ಯೂಟರಿಗೆ ಗೊತ್ತಿಲ್ಲ. ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಆಧಾರ್‌ನ ಹೆಸರನ್ನೇ ಎತ್ತಿಕೊಳ್ಳುತ್ತದೆ, ಮಾಸಾಶನವೂ ಆಧಾರ್‌ನ ಬೆನ್ನು ಹಿಡಿದೇ ಬರುತ್ತದೆ. ಆದ್ದರಿಂದ ಆಧಾರನ್ನು ಮೊದಲು ಸರಿಮಾಡಿಸಿ, ಉಳಿದವನ್ನು ಅದಕ್ಕೆ ಹೊಂದಿಸಿ.

ಮಕ್ಕಳ ಆಧಾರ್ ಆಗಿದ್ದರೆ 5 ಮತ್ತು 15ನೇ ವಯಸ್ಸಿಗೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಇದನ್ನು ಮರೆತ ಮನೆಗಳು ಬಹಳ. ಹಣ ತಡೆಹಿಡಿದ ಮೇಲೆ ಕಾರಣ ಹುಡುಕುವುದಕ್ಕಿಂತ ಈಗಲೇ ಮಾಡಿಸಿ. ಮೊಬೈಲ್ ನಂಬರ್ ಸಹ ಮನೆಯಲ್ಲಿ ನಿಜಕ್ಕೂ ಬಳಕೆಯಲ್ಲಿರುವುದನ್ನೇ ಆಧಾರ್‌ಗೆ ಸೇರಿಸಿ. ಒಟಿಪಿ ಬರುವುದು ಅದಕ್ಕೇ, ಮಗ ಬೆಂಗಳೂರಿನಲ್ಲಿಟ್ಟುಕೊಂಡಿರುವ ಸಿಮ್ಮಿಗೆ ಬಂದರೆ ಇಲ್ಲಿ ಕೆಲಸ ನಿಲ್ಲುತ್ತದೆ.

ಯುಡಿಐಡಿ ಕಾರ್ಡು

ಇಡೀ ಕೆಲಸದ ಬೇರು ಇದೇ. ಅಂಗವಿಕಲತೆಯ ಪ್ರಮಾಣಪತ್ರವನ್ನು 2021ರ ಜೂನ್ 1ರಿಂದ ಯುಡಿಐಡಿ ಪೋರ್ಟಲ್ ಮೂಲಕವೇ ಕೊಡಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದೆ. ಹಳೆಯ ಕಾಲದ, ಕೈಬರಹದ, ಫೋಟೊಕ್ಕೆ ಸೀಲು ಹೊಡೆದ ಪುಸ್ತಕ ನಿಮ್ಮಲ್ಲಿದ್ದರೆ ಅದನ್ನು ಎಸೆಯಬೇಡಿ, ಆದರೆ ಅದನ್ನೇ ನಂಬಿ ಕೂರಲೂ ಬೇಡಿ. ಅದನ್ನು ಸೇರಿಸಿ ಯುಡಿಐಡಿಗೆ ಅರ್ಜಿ ಹಾಕಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. 1995ರ ಹಳೆ ಕಾಯ್ದೆಯಲ್ಲಿದ್ದದ್ದು ಏಳೇ. ಕೈಕಾಲು, ಕಣ್ಣು, ಕಿವಿ ಮಾತ್ರ ಎಂದುಕೊಂಡಿರುವವರು ಇದನ್ನು ಗಮನಿಸಬೇಕು: ಪಾರ್ಕಿನ್ಸನ್ಸ್, ಮಾನಸಿಕ ಅಸ್ವಸ್ಥತೆ, ಹಿಮೊಫಿಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರೋಗ, ಕಲಿಕಾ ನ್ಯೂನತೆ, ಕುಬ್ಜತೆ, ಕುಷ್ಠದಿಂದ ಗುಣವಾಗಿ ಉಳಿದ ಊನ, ಆಸಿಡ್ ದಾಳಿಗೆ ಒಳಗಾದವರು, ಎಲ್ಲರೂ ಇದರೊಳಗೆ ಬರುತ್ತಾರೆ.

ಅರ್ಜಿಯನ್ನು ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಹಾಕಬೇಕು. ಮೊಬೈಲಿನಲ್ಲೇ ಆಗುತ್ತದೆ, ಆದರೆ ನಮ್ಮ ಕಡೆಯ ನೆಟ್‌ವರ್ಕಿನಲ್ಲಿ ಫೋಟೊ ಏರಿಸುವಷ್ಟರಲ್ಲಿ ಕರೆಂಟೂ ಹೋಗಿರುತ್ತದೆ. ಅದರ ಬದಲು ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು ಹುಡುಕಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂದು ಇವರ ಪೂರ್ತಿ ಹೆಸರು. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ನೇಮಕ, ತಾಲ್ಲೂಕು ಪಂಚಾಯಿತಿಯಲ್ಲಿ ಇವರ ಮೇಲೆ ಎಂಆರ್‌ಡಬ್ಲ್ಯೂ, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯೂ. ಇವರೂ ಅಂಗವಿಕಲರೇ. ಸಣ್ಣ ಗೌರವಧನಕ್ಕೆ ಊನವಿರುವ ಕಾಲಿನಲ್ಲೇ ಗುಡ್ಡ ಹತ್ತಿ ಮನೆಮನೆಗೆ ಬರುವವರು. ಅವರ ಕೆಲಸಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರ್ಜಿ ತುಂಬಿಸಲು, ಯಾವ ದಿನ ಯಾವ ತಜ್ಞರು ಕೂರುತ್ತಾರೆಂದು ತಿಳಿಯಲು ಇವರಿಗಿಂತ ಒಳ್ಳೆಯ ದಾರಿ ಇಲ್ಲ. ಯಾರಿಗೂ ದುಡ್ಡು ಕೊಟ್ಟು ಮಾಡಿಸುವ ಕೆಲಸವಲ್ಲ ಇದು.

ಅರ್ಜಿಯಲ್ಲಿ ಆಸ್ಪತ್ರೆ ಆರಿಸುವಾಗ ಎಚ್ಚರವಿರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸಂಬಂಧಪಟ್ಟ ತಜ್ಞರಿದ್ದರೆ ಅಲ್ಲೇ ಆದೀತು. ಕಿವಿಯ ಪರೀಕ್ಷೆಗೆ, ಬುದ್ಧಿಮಟ್ಟದ ಪರೀಕ್ಷೆಗೆ, ಮನೋರೋಗಕ್ಕೆ ಸಾಮಾನ್ಯವಾಗಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಬರಬೇಕಾಗುತ್ತದೆ. ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯಾದ್ದರಿಂದ ಎಲ್ಲ ವಿಭಾಗಗಳೂ ಅಲ್ಲಿವೆ. ಹೊರಡುವ ಮುನ್ನ ಫೋನ್ ಮಾಡಿಸಿ ದಿನ ಖಚಿತ ಮಾಡಿಕೊಳ್ಳಿ. ಒಯ್ಯಬೇಕಾದದ್ದು ಇಷ್ಟು: ಅರ್ಜಿಯ ಎನ್‌ರೋಲ್‌ಮೆಂಟ್ ನಂಬರ್ ಇರುವ ಚೀಟಿ, ಆಧಾರ್, ಇತ್ತೀಚಿನ ಫೋಟೊ, ಮತ್ತು ಮಣಿಪಾಲವೋ ಮಂಗಳೂರೋ ಎಲ್ಲೇ ಚಿಕಿತ್ಸೆಯಾಗಿದ್ದರೂ ಅಲ್ಲಿಯ ಡಿಸ್ಚಾರ್ಜ್ ಸಾರಾಂಶ, ಎಕ್ಸರೇ, ಎಂಆರ್‌ಐ. ಹಳೆಯ ದಾಖಲೆ ಇಲ್ಲದಿದ್ದರೆ ವೈದ್ಯರು ಮತ್ತೆ ಸ್ಕ್ಯಾನ್ ಬರೆದುಕೊಡುತ್ತಾರೆ, ಅಲ್ಲಿಗೆ ಇನ್ನೊಂದು ಓಡಾಟ.

ಈಗ ಮುಖ್ಯ ಮಾತು. ವೈದ್ಯರ ಮುಂದೆ ನಮ್ಮ ಜನ ಸಂಕೋಚಪಡುತ್ತಾರೆ. ‘ಹೇಗಿದ್ದೀರಿ’ ಎಂದರೆ ‘ಈಗ ಅಡ್ಡಿಲ್ಲ’ ಅನ್ನುವುದು ನಮ್ಮ ರೂಢಿ. ಶೇಕಡವಾರು ನಿಗದಿಯಾಗುವ ಕೋಣೆಯಲ್ಲಿ ಆ ರೂಢಿ ಬೇಡ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರದ ಹಿಡಿತ ತಪ್ಪಿದ್ದರೆ ಅದೂ ಲೆಕ್ಕಕ್ಕೆ ಬರುವ ಅಂಶ. ಹೆಂಗಸರು ಇದನ್ನು ಬಾಯಿಬಿಡುವುದೇ ಇಲ್ಲ. ಜತೆಗೆ ಹೋದವರಾದರೂ ಹೇಳಬೇಕು. ಪೆಟ್ಟಾದದ್ದು ಕೆಲಸ ಮಾಡುವ ಕೈಗೇ ಆಗಿದ್ದರೆ ಅದನ್ನೂ ಹೇಳಿ. ಇರುವುದನ್ನು ದೊಡ್ಡದು ಮಾಡಬೇಕಿಲ್ಲ, ಇರುವುದನ್ನು ಮುಚ್ಚಿಡಲೂ ಬಾರದು.

ಎರಡು ಬಗೆಯ ಊನವಿದ್ದರೆ ಎರಡನ್ನೂ ಅರ್ಜಿಯಲ್ಲಿ ಬರೆಸಿ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ನಿಯಮದಂತೆ ಸಿಗುವುದು ಶೇಕಡ 30, ಅಷ್ಟಕ್ಕೇ ಮಾಸಾಶನ ಬರುವುದಿಲ್ಲ. ಅದೇ ವ್ಯಕ್ತಿಗೆ ಮುರಿದು ವಕ್ರವಾಗಿ ಕೂಡಿದ ಕಾಲೂ ಇದ್ದರೆ ಎರಡೂ ಸೇರಿ 40 ದಾಟಬಹುದು. ನೇರ ಕೂಡುವ ಲೆಕ್ಕವಲ್ಲ ಅದು, ಸೂತ್ರವೊಂದಿದೆ. ಆದರೆ ಎರಡನೆಯದನ್ನು ಹೇಳದೇ ಇದ್ದರೆ ಸೂತ್ರ ಹಾಕುವವರು ಯಾರು?

ಪ್ರಮಾಣಪತ್ರದಲ್ಲಿ ‘ಶಾಶ್ವತ’ ಎಂದಿದೆಯೋ ‘ತಾತ್ಕಾಲಿಕ’ ಎಂದಿದೆಯೋ ಓದಿಕೊಳ್ಳಿ. ಮಕ್ಕಳಿಗೆ, ಹೊಸ ಪೆಟ್ಟಿನವರಿಗೆ ಸಾಮಾನ್ಯವಾಗಿ ಇಂತಿಷ್ಟು ವರ್ಷಕ್ಕೆ ಎಂದು ಕೊಡುತ್ತಾರೆ. ಆ ದಿನಾಂಕ ಮುಗಿದರೆ ಮಾಸಾಶನಕ್ಕೂ ಕುತ್ತು. ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಮುಗಿಯುವ ಮೂರ್ನಾಲ್ಕು ತಿಂಗಳು ಮೊದಲೇ ನವೀಕರಣಕ್ಕೆ ಹೊರಡಿ. ಅದು ಮಳೆಗಾಲದಲ್ಲಿ ಬೀಳುವುದಾದರೆ ಬೇಸಿಗೆಯಲ್ಲೇ ಮುಗಿಸಿಬಿಡಿ.

2024ರಲ್ಲಿ ತಿದ್ದಿದ ನಿಯಮದ ಪ್ರಕಾರ ಅರ್ಜಿ ಬಂದ ಮೂರು ತಿಂಗಳೊಳಗೆ ವೈದ್ಯಾಧಿಕಾರಿಗಳು ಪ್ರಮಾಣಪತ್ರ ಕೊಡಬೇಕು. ಇನ್ನೊಂದು ಮಾತೂ ಅದರಲ್ಲಿದೆ: ಎರಡು ವರ್ಷ ತೀರ್ಮಾನವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗುತ್ತದೆ. ಹಿಂದೆಂದೋ ಹಾಕಿ ಸುಮ್ಮನಾದವರು ತಮ್ಮ ಅರ್ಜಿಯ ಸ್ಥಿತಿ ನೋಡಿಕೊಳ್ಳುವುದು ಒಳ್ಳೆಯದು. ಶೇಕಡವಾರು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 2016ರ ಕಾಯ್ದೆಯ 59ನೇ ಕಲಂ ಅವಕಾಶ ಕೊಡುತ್ತದೆ.

ಕಾರ್ಡಿನ ಬಣ್ಣದ ಬಗ್ಗೆ ಗೊಂದಲವಿದೆ. ಶೇಕಡ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಆದರೆ ಮಾಸಾಶನದ ಗೆರೆ ಇರುವುದು 75ರಲ್ಲಿ. ಶೇಕಡ 78 ಇರುವವರ ಕಾರ್ಡು ಹಳದಿಯೇ ಆಗಿದ್ದರೂ ಅವರಿಗೆ ಬರಬೇಕಾದದ್ದು 1,400. ಹಳದಿ ಕಾರ್ಡೆಂದು 800 ಮಂಜೂರಾಗಿದ್ದರೆ ಪ್ರಶ್ನಿಸಿ.

ನಾಡಕಚೇರಿಯಲ್ಲಿ

ಕಾರ್ಡು ಅಂಚೆಯಲ್ಲಿ ಬರಲು ತಡವಾದರೆ ಇ-ಕಾರ್ಡು ಇಳಿಸಿಕೊಂಡು ಮುದ್ರಿಸಿದರೂ ಸಾಕು. ಇನ್ನು ನಿಮ್ಮ ಹೋಬಳಿಯ ನಾಡಕಚೇರಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರ. ಮೊದಲು ಆದಾಯ ಪ್ರಮಾಣಪತ್ರ ಮಾಡಿಸಿ. ಅದು ಐದು ವರ್ಷ ನಡೆಯುತ್ತದೆ, ಅದರ ಮೇಲಿನ ಆರ್‌ಡಿ ನಂಬರನ್ನು ಮಾಸಾಶನದ ಅರ್ಜಿಗೆ ಕೊಡಬೇಕು. ಇದರಲ್ಲಿ ಆದಾಯ 32,000 ಮೀರಿ ನಮೂದಾಗಿದ್ದರೆ ಮುಂದಿನ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹತ್ತು ಗುಂಟೆ ಅಡಿಕೆ ಇದೆ ಎಂದ ಮಾತ್ರಕ್ಕೆ ದೊಡ್ಡ ಆದಾಯ ಬರೆಯುವುದೂ ಉಂಟು. ಕೊಳೆ ರೋಗ ಬಂದು ಮುಕ್ಕಾಲು ಉದುರಿಹೋದದ್ದನ್ನು ಸ್ಥಳಕ್ಕೆ ಬಂದವರಿಗೆ ತೋರಿಸಿ ಹೇಳಿ. ಸುಳ್ಳು ಬರೆಸುವ ಗೋಜಿಗೆ ಮಾತ್ರ ಹೋಗಬೇಡಿ. ಮುಂದೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೊಟ್ಟದ್ದನ್ನೂ ವಾಪಸ್ ಕೇಳುತ್ತಾರೆ.

ಅರ್ಜಿಗೆ ಬೇಕಾದದ್ದು: ಯುಡಿಐಡಿ ಕಾರ್ಡು, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಪಾಸ್‌ಪುಸ್ತಕದ ಮೊದಲ ಪುಟ, ಫೋಟೊ. ಗ್ರಾಮ ಒನ್ ಕೇಂದ್ರ ಹತ್ತಿರವಿದ್ದರೆ ಅಲ್ಲೂ ವಿಚಾರಿಸಬಹುದು. ಅರ್ಜಿ ಗ್ರಾಮ ಆಡಳಿತ ಅಧಿಕಾರಿಗೆ ಹೋಗುತ್ತದೆ. ಊರವರ ಬಾಯಲ್ಲಿ ಇನ್ನೂ ‘ವಿಎ’ ಅಥವಾ ಶ್ಯಾನುಭೋಗರು. ಅವರು ಮನೆ ನೋಡಿ ವರದಿ ಕೊಟ್ಟ ಮೇಲೆ ಕಂದಾಯ ನಿರೀಕ್ಷಕರ ಕೈದಾಟಿ ತಹಶೀಲ್ದಾರ್ ಹಂತದಲ್ಲಿ ಮಂಜೂರಾಗುತ್ತದೆ. ಅವರು ಬರುವ ದಿನ ಮನೆಯಲ್ಲಿ ಯಾರಾದರೂ ಇರಬೇಕು. ಕೊಯ್ಲಿನ ಕಾಲದಲ್ಲಿ ಎಲ್ಲರೂ ತೋಟಕ್ಕೆ ಹೋಗಿ, ‘ಮನೆ ಬೀಗ ಹಾಕಿತ್ತು’ ಎಂದು ಷರಾ ಬಿದ್ದರೆ ತಿಂಗಳುಗಳು ಹೋಗುತ್ತವೆ.

ಅರ್ಜಿ ಕೊಟ್ಟಾಗ ಸ್ವೀಕೃತಿ ಇಲ್ಲದೆ ಹಿಂದಿರುಗಬೇಡಿ. ಅದರ ಮೇಲೆ ಸಕಾಲದ ನಂಬರ್ ಇರುತ್ತದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು, ಆದರೆ ಆ ನಂಬರ್ ಇದ್ದರೆ ಅರ್ಜಿಗೆ ಒಂದು ಗುರುತು ಇದೆ ಎಂದರ್ಥ. ‘ನಿಮ್ಮದು ಬಂದೇ ಇಲ್ಲ’ ಎಂದು ಆಮೇಲೆ ಯಾರೂ ಹೇಳುವಂತಿಲ್ಲ. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಮೇಲಿನ ಅಧಿಕಾರಿ ಉಪವಿಭಾಗಾಧಿಕಾರಿ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ. ಸಾಗರ, ಸೊರಬ, ಶಿಕಾರಿಪುರ, ಹೊಸನಗರದವರಿಗೆ ಸಾಗರದಲ್ಲಿ.

ಹಣ ಯಾವ ಖಾತೆಗೆ ಹೋಗುತ್ತದೆ

‘ಆಧಾರ್ ಲಿಂಕ್ ಆಗಿದೆ ಅಂದಿದ್ದಾರೆ ಬ್ಯಾಂಕಿನವರು, ಆದರೂ ದುಡ್ಡು ಬಂದಿಲ್ಲ.’ ಈ ದೂರು ಹೆಚ್ಚು. ಬ್ಯಾಂಕ್ ತನ್ನ ಪುಸ್ತಕದಲ್ಲಿ ಆಧಾರ್ ನಂಬರ್ ಬರೆದುಕೊಳ್ಳುವುದು ಒಂದು. ಆ ಖಾತೆಯನ್ನು ಬ್ಯಾಂಕುಗಳ ನಡುವೆ ಹಣ ದಾಟಿಸುವ ಸಂಸ್ಥೆಯಾದ ಎನ್‌ಪಿಸಿಐ ಪಟ್ಟಿಗೆ ಜೋಡಿಸುವುದು ಇನ್ನೊಂದು. ಸರ್ಕಾರದ ಹಣ ನೋಡುವುದು ಎರಡನೆಯದನ್ನು. ಒಬ್ಬರಿಗೆ ಮೂರು ಖಾತೆ ಇದ್ದರೆ, ಕೊನೆಗೆ ಎನ್‌ಪಿಸಿಐಗೆ ಜೋಡಿಸಿದ ಖಾತೆಗೇ ಹಣ ಹೋಗಿ ಬೀಳುತ್ತದೆ. ಸಂಘದ ಸಾಲಕ್ಕೆಂದು ತೆರೆದು ಮರೆತ ಖಾತೆಯಲ್ಲಿ ವರ್ಷದ ಮಾಸಾಶನ ಕೂತಿರುವುದು ಅಪರೂಪವಲ್ಲ. ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ಆಧಾರ್‌ನ ಅಧಿಕೃತ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್’ ಸ್ಥಿತಿ ತೆರೆದು ನೋಡಬಹುದು.

ಬ್ಯಾಂಕ್ ದೂರವಿರುವವರಿಗೆ ನನ್ನ ಸಲಹೆ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ. ಪೋಸ್ಟ್‌ಮ್ಯಾನ್ ಯಂತ್ರ ತಂದು ಬೆರಳಚ್ಚು ಪಡೆದು ಮನೆಯಲ್ಲೇ ಹಣ ಕೊಡುವ ವ್ಯವಸ್ಥೆ ಅದರಲ್ಲಿದೆ. ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಅನುಕೂಲ. ಅಡಿಕೆ ಸುಲಿದು ಬೆರಳಿನ ಗೆರೆ ಸವೆದವರಿಗೆ ಯಂತ್ರ ಒಪ್ಪದೆ ಹೋಗುತ್ತದೆ. ಬೇರೆ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿ, ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದು ಮಾಡಿಸಿ.

ಬರುತ್ತಿದ್ದದ್ದು ನಿಂತರೆ

ಕಾರಣಗಳು ಹೆಚ್ಚಾಗಿ ಇವೇ: ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದದ್ದು, ಬ್ಯಾಂಕ್ ವಿಲೀನವಾಗಿ ಖಾತೆ ತಡೆಯಾದದ್ದು, ಕೆವೈಸಿ ಕೊಡದೆ ಖಾತೆ ನಿಷ್ಕ್ರಿಯವಾದದ್ದು, ವಾರ್ಷಿಕ ಪರಿಶೀಲನೆಗೆ ಬಂದಾಗ ಮನೆಯಲ್ಲಿಲ್ಲದೆ ‘ಊರಲ್ಲಿಲ್ಲ’ ಎಂದು ವರದಿ ಹೋದದ್ದು. ಬದುಕಿರುವವರನ್ನು ಮರಣ ಹೊಂದಿದವರ ಪಟ್ಟಿಗೆ ಸೇರಿಸಿದ್ದೂ ಉಂಟು, ಅದು ಆ ಮನೆಗೆ ಎಷ್ಟು ನೋವಿನ ಸಂಗತಿ ಎಂಬುದನ್ನು ವಿವರಿಸಬೇಕಿಲ್ಲ.

ಬಾಯಲ್ಲಿ ಕೇಳಿ ಬರಬೇಡಿ, ಬರೆದು ಕೊಡಿ. ಹೀಗಿದ್ದರೆ ಸಾಕು:

‘ಮಾನ್ಯ ತಹಶೀಲ್ದಾರರಿಗೆ, ನಾನು ಇಂಥ ಗ್ರಾಮದ, ಇಂಥ ಹೋಬಳಿಯ ನಿವಾಸಿ. ನನಗೆ ಅಂಗವಿಕಲ ಮಾಸಾಶನ ಇಂಥ ಆದೇಶ ಸಂಖ್ಯೆಯಲ್ಲಿ ಮಂಜೂರಾಗಿದ್ದು, ಇಂಥ ತಿಂಗಳಿನಿಂದ ಬಂದಿರುವುದಿಲ್ಲ. ಯುಡಿಐಡಿ, ಆಧಾರ್, ಪಾಸ್‌ಪುಸ್ತಕದ ಪ್ರತಿ ಲಗತ್ತಿಸಿದ್ದೇನೆ. ನಿಲ್ಲಿಸಿದ ಕಾರಣವನ್ನು ಲಿಖಿತವಾಗಿ ತಿಳಿಸಿ, ಮಾಸಾಶನವನ್ನು ಮುಂದುವರಿಸಿ, ಬಾಕಿಯನ್ನೂ ಪಾವತಿಸಬೇಕಾಗಿ ಕೋರುತ್ತೇನೆ.’

ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ. ಹೋಬಳಿಯಲ್ಲಿ ಪಿಂಚಣಿ ಅದಾಲತ್ ನಡೆದರೆ ಅದೇ ಪ್ರತಿ ಹಿಡಿದು ಹೋಗಿ. ಅಧಿಕಾರಿಗಳೆಲ್ಲ ಒಂದೇ ಕಡೆ ಇರುವುದರಿಂದ ಎದುರಿಗೇ ತೀರ್ಮಾನವಾಗುವ ಸಂಭವ ಹೆಚ್ಚು. ಅದರಲ್ಲೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ವಕೀಲರ ನೆರವು ಬೇಕಾದರೆ ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಅಂಗವಿಕಲರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕು.

65 ತುಂಬಿದಾಗ

ಇದನ್ನು ಹೇಳುವವರು ಕಡಿಮೆ. ಶೇಕಡ 40ರಿಂದ 75ರೊಳಗಿನ ಊನಕ್ಕೆ 800 ಪಡೆಯುತ್ತಿರುವ ಕೂಲಿಕಾರರು, ಸಣ್ಣ ಹಿಡುವಳಿದಾರರು 65 ದಾಟಿದ ಮೇಲೆ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ಮಾಸಾಶನಕ್ಕೆ ಬದಲಾಯಿಸಿಕೊಂಡರೆ 1,200 ಸಿಗುತ್ತದೆ. ಶೇಕಡ 75 ದಾಟಿದವರು ಇದ್ದಲ್ಲೇ ಇರಬೇಕು, ಅವರದು 1,400. ಬದಲಾವಣೆಗೆ ಅರ್ಜಿ ಕೊಡುವಾಗ ಹಳೆಯದನ್ನು ಮೊದಲೇ ರದ್ದು ಮಾಡಿಸಿ ಬರಿಗೈಯಲ್ಲಿ ಕಾಯಬೇಡಿ. ಹೊಸದು ಮಂಜೂರಾದ ತಿಂಗಳಿಂದ ಹಳೆಯದು ನಿಲ್ಲಲಿ ಎಂದು ಅರ್ಜಿಯಲ್ಲೇ ಬರೆಯಿರಿ. ಆಧಾರ್‌ನಲ್ಲಿ ವಯಸ್ಸನ್ನು ಅಂದಾಜಿಗೆ ಜನವರಿ 1 ಎಂದು ಹಾಕಿದ್ದು ಎಷ್ಟೋ ಹಿರಿಯರ ಪಾಲಿಗೆ ತೊಡಕಾಗಿದೆ. ಶಾಲೆಯ ದಾಖಲೆ ಇದ್ದರೆ ಈಗಲೇ ಹುಡುಕಿಡಿ.

ದುಡಿಯುವ ಮನಸ್ಸಿದ್ದವರಿಗೆ

ಮಾಸಾಶನಕ್ಕಿಂತ ಒಂದು ಕೆಲಸ ದೊಡ್ಡದು. ಪಂಚಾಯಿತಿಯ ಉದ್ಯೋಗ ಖಾತ್ರಿ ಕೆಲಸದಲ್ಲಿ ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧ ರಿಯಾಯಿತಿ, ಕೂಲಿ ಪೂರ್ತಿ. ನೀರು ಕೊಡುವುದು, ಮಕ್ಕಳನ್ನು ನೋಡಿಕೊಳ್ಳುವುದು, ಹಾಜರಿ ನೋಡುವುದು ಇಂಥ ಕೆಲಸ ಕೇಳಿ ಪಡೆಯಬಹುದು. ಪಂಚಾಯಿತಿ ತನ್ನ ನಿಧಿಯಲ್ಲಿ ಶೇಕಡ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಅದು ಯಾವುದಕ್ಕೆ ಖರ್ಚಾಯಿತೆಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಹಕ್ಕು ನಿಮಗಿದೆ, ಕೇಳಲೇಬೇಕು. ಮನೆಯ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಲು, ಹೊಲಿಗೆ ಯಂತ್ರಕ್ಕೆ ಆ ಹಣ ಒದಗಬೇಕು.

ಸ್ವಂತ ಅಂಗಡಿ, ಟೈಲರಿಂಗ್, ಮೊಬೈಲ್ ರಿಪೇರಿಗೆ ಬ್ಯಾಂಕ್ ಸಾಲ ಮತ್ತು ಸಹಾಯಧನದ ‘ಆಧಾರ’ ಯೋಜನೆ, ಪಕ್ಕಚಕ್ರದ ಸ್ಕೂಟರ್, ಇವೆಲ್ಲ ವಿಕಲಚೇತನರ ಇಲಾಖೆಯ ಕೆಲಸ, ಅರ್ಜಿ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ. ಸರ್ಕಾರಿ ನೇಮಕಾತಿಯಲ್ಲಿ ರಾಜ್ಯದಲ್ಲಿ ಎ ಮತ್ತು ಬಿ ಗುಂಪಿಗೆ ಶೇಕಡ 4, ಸಿ ಮತ್ತು ಡಿ ಗುಂಪಿಗೆ ಶೇಕಡ 5 ಮೀಸಲಾತಿ, ವಯೋಮಿತಿಯಲ್ಲಿ 10 ವರ್ಷ ಸಡಿಲಿಕೆ. ಸರ್ಕಾರಿ ಕೆಲಸದಲ್ಲಿದ್ದಾಗ ಊನವಾದರೆ ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 2016ರ ಕಾಯ್ದೆಯ 20ನೇ ಕಲಂ ತೋರಿಸಿ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಚಾಲನೆ ಪಡೆದ ಯುವನಿಧಿ ನಿರುದ್ಯೋಗ ಭತ್ಯೆಯನ್ನೂ ಪದವಿ, ಡಿಪ್ಲೊಮಾ ಮುಗಿಸಿ ಆರು ತಿಂಗಳು ಕೆಲಸ ಸಿಗದ ಹುಡುಗ ಹುಡುಗಿಯರು ನೋಡಬೇಕು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ.

ಓಡಾಟಕ್ಕೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸಿದೆ, ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ. ನಮ್ಮ ಬಹುಪಾಲು ಹಳ್ಳಿದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಈ ಪಾಸು ನಡೆಯುವುದಿಲ್ಲ. ಸರ್ಕಾರಿ ಬಸ್ಸಿನ ವೇಳೆ ತಿಳಿದು ಮೆಗ್ಗಾನಿನ ದಿನ ಗೊತ್ತುಮಾಡಿಕೊಳ್ಳಿ.

ಮರ ಹತ್ತುವವರ ಮನೆಗೆ ಒಂದು ಮಾತು

ಕೊನೆಗಾರರು, ಔಷಧಿ ಹೊಡೆಯುವವರು ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಲೇಬೇಕು. 18ರಿಂದ 70 ವರ್ಷದವರಿಗೆ, ಖಾತೆ ಇರುವ ಬ್ಯಾಂಕಿನಲ್ಲೇ ಆಗುತ್ತದೆ. ಅಪಘಾತದಲ್ಲಿ ಮರಣವಾದರೆ ಅಥವಾ ಎರಡೂ ಕಾಲಿನ ಸ್ವಾಧೀನ ಪೂರ್ತಿ ಶಾಶ್ವತವಾಗಿ ಹೋದರೆ 2 ಲಕ್ಷ, ಒಂದು ಕಾಲು, ಒಂದು ಕೈ ಅಥವಾ ಒಂದು ಕಣ್ಣು ಹೋದರೆ 1 ಲಕ್ಷ. ಮರದಿಂದ ಬಿದ್ದದ್ದಕ್ಕೆ ಆಸ್ಪತ್ರೆಯ ತಕ್ಷಣದ ದಾಖಲೆಯನ್ನು ಆಧಾರವಾಗಿ ಒಪ್ಪುವ ನಿಯಮ ಇದರಲ್ಲಿದೆ. ಹಾಗಾಗಿ ಬಿದ್ದ ದಿನವೇ ಆಸ್ಪತ್ರೆಗೆ ಸೇರಿಸುವಾಗ ‘ಅಡಿಕೆ ಮರದಿಂದ ಬಿದ್ದದ್ದು’ ಎಂದೇ ಬರೆಸಿ. ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ತೋಟದ ಯಜಮಾನರ ಮುಖ ನೋಡಿ ಬರೆಸುವುದುಂಟು. ಯಜಮಾನರಿಗೂ ಅದರಿಂದ ಒಳ್ಳೆಯದಾಗುವುದಿಲ್ಲ, ಬಿದ್ದವರಿಗೆ ವಿಮೆ ಕಷ್ಟವಾಗುತ್ತದೆ. 30 ದಿನದೊಳಗೆ ಬ್ಯಾಂಕಿಗೆ ಕ್ಲೇಮ್ ಫಾರಂ ಕೊಡಿ.

ಬುದ್ಧಿಮಾಂದ್ಯ ಮಕ್ಕಳಿಗೆ 18 ತುಂಬುವ ಮುನ್ನ

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆಯಿದೆ, ವರ್ಷಕ್ಕೆ 1 ಲಕ್ಷದವರೆಗೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೀರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಆರೈಕೆದಾರರ ಭತ್ಯೆಯನ್ನು ರಾಜ್ಯ ಸರ್ಕಾರ 2024–25ರ ಬಜೆಟ್ಟಿನಲ್ಲಿ ಘೋಷಿಸಿದೆ. ಅದನ್ನು ಎಂಆರ್‌ಡಬ್ಲ್ಯೂ ಅವರಲ್ಲಿ ವಿಚಾರಿಸಿ.

ಇಂಥ ಮಗುವಿಗೆ 18 ತುಂಬಿದ ದಿನದಿಂದ ತಂದೆತಾಯಿಯ ಸಹಿ ಕಾನೂನಿನ ಕಣ್ಣಿಗೆ ಸಾಲದು. ಬ್ಯಾಂಕ್ ಖಾತೆ ಅಲ್ಲಿಗೆ ನಿಂತುಬಿಡಬಹುದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕತ್ವದ ಪ್ರಮಾಣಪತ್ರ ಕೊಡುತ್ತದೆ, ಕೋರ್ಟಿಗೆ ಹೋಗಬೇಕಿಲ್ಲ. 17 ನಡೆಯುತ್ತಿರುವಾಗಲೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ನಮೂನೆ ತಂದಿಟ್ಟುಕೊಳ್ಳಿ. ತಾಯಿಯೊಬ್ಬಳ ಹೆಸರು ಹಾಕಿಸುವುದಕ್ಕಿಂತ, ಅವಳ ನಂತರ ಯಾರು ಎಂಬುದನ್ನೂ ಅಣ್ಣತಮ್ಮ, ಅಕ್ಕತಂಗಿಯರು ಕೂತು ಮಾತಾಡಿ ತೀರ್ಮಾನಿಸಿ, ಆಮೇಲೆ ಅರ್ಜಿ ತುಂಬಿ.